ರಕ್ತ ಹೇಳಿದ ಗದ್ದುಗೆ

ವಂಶಶೋಧಕದ ಉಕ್ಕಿನ ಸೂಜಿ ಗದ್ದುಗೆಯ ಪಕ್ಕದ ಮಣ್ಣಿಗೆ ಇಳಿಯಿತು. ನೀಲಗಂಗವ್ವ ಯಂತ್ರದತ್ತ ಬಾಗಿದಳು. ಹೊಸ ಜಲಾಶಯದ ಹಿನ್ನೀರು ರುದ್ರಭೂಮಿಯ ಬೇಲಿಯನ್ನು ಆಗಲೇ ದಾಟಿತ್ತು.

ಮಣ್ಣಿನಲ್ಲಿ ಕರಗಿದ ಮೂಳೆಯ ವಂಶತಂತುವನ್ನು ಓದಿ, ಬದುಕಿರುವವರ ರಕ್ತದೊಡನೆ ತಾಳೆ ನೋಡುವ ಯಂತ್ರವದು. ತಾಳೆಯಾದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಹಸಿರು ಬಂದ ಸಮಾಧಿಯನ್ನಷ್ಟೇ ಹೊಸ ಊರಿಗೆ ಒಯ್ಯಲು ಸರ್ಕಾರದ ಅಪ್ಪಣೆ. ಹಾಸಿಗೆ ಹಿಡಿದ ಅಪ್ಪನದು ಒಂದೇ ಹಟ: "ಸತ್ತ ಮ್ಯಾಲ ನನ್ನ ಮುತ್ಯಾನ ಮಗ್ಗಲಾಗ ಕೂಡಿಸ್ರಿ." ಕೂರಿಸಿಯೇ ಮಣ್ಣು ಕೊಡುವ ಮನೆತನ ಅವರದು; ಈ ಗದ್ದುಗೆಯಡಿ ಅಪ್ಪನ ಅಜ್ಜ ಹಾಗೆಯೇ ಕುಳಿತಿದ್ದಾನೆಂದು ಮನೆಯವರ ನಂಬಿಕೆ.

ಕೆಂಪು ದೀಪ ಹತ್ತಿತು.

"ಇನ್ನೊಮ್ಮಿ ನೋಡ್ರಿ ಸರ. ಅಮಾಸಿಗೊಮ್ಮಿ ನಾವು ಕಾಯಿ ಒಡಿಯೋ ಗದ್ದಿಗಿ ಇದು!"

"ಮತ್ತೆ ಮತ್ತೆ ನೋಡಿದೆನಮ್ಮಾ, ಇವರು ನಿಮ್ಮವರಲ್ಲ," ಎಂದರು ವಿಜ್ಞಾನಿ ಪದ್ಮರಾಜ. "ಹಿಂದೆ ಇಲ್ಲಿ ಪ್ರವಾಹವೇನಾದರೂ ಬಂದಿತ್ತೇ?"

"ಅಪ್ಪ ಸಣ್ಣಾಂವ ಇದ್ದಾಗ ಹೊಳಿ ಬಂದು ಕಟ್ಟಿ ಎಲ್ಲಾ ಕೊಚ್ಚಿ ಹೋಗಿದ್ವಂತ. ಅಂದಾಜಿನ ಮ್ಯಾಲ ಮತ್ತ ಕಟ್ಟಿಸಿದ್ರು."

"ಅಂದಾಜು ತಪ್ಪಿದೆ."

ಕಣಕಾಲು ಮುಳುಗುವ ನೀರಿನಲ್ಲಿ ಇಬ್ಬರೂ ಯಂತ್ರವನ್ನು ಮುಂದಕ್ಕೆ ತಳ್ಳಿದರು. ಕೆಂಪು. ಮತ್ತೆ ಕೆಂಪು. ಕೊನೆಗೆ, ಕಲ್ಲಿಲ್ಲದ, ಯಾರೂ ಹಣತೆ ಹಚ್ಚದ ಜಾಲಿಮರದ ಬುಡದಲ್ಲಿ ಹಸಿರು! ಪರದೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಆಕೃತಿ ಮೂಡಿತು. ಪ್ರವಾಹದ ನಂತರ ಮತ್ತೆ ಕಟ್ಟಿದವರು ಅಕ್ಕಪಕ್ಕದ ಎರಡೂ ಕಟ್ಟೆಗಳನ್ನು ಒಂದು ಸ್ಥಾನ ಆಚೆ ಸರಿಸಿಬಿಟ್ಟಿದ್ದರು.

ನೀಲಗಂಗವ್ವನ ಮನೆಯವರು ಪೂಜಿಸುತ್ತ ಬಂದ ಗದ್ದುಗೆ ಹಸಿರಾದದ್ದು ಪಕ್ಕದ ಮನೆಯ ರಾಚಪ್ಪ ಹೊಸಮನಿಯ ರಕ್ತಕ್ಕೆ. ನಡುಗೋಡೆಯ ಜಗಳದಿಂದ ಎರಡು ಮನೆಗಳ ನಡುವೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಹೊಸಮನಿಯವರು ಹೂವೇರಿಸುತ್ತಿದ್ದ ಕಟ್ಟೆಯ ಕೆಳಗೆ ಯಾರೂ ಇರಲಿಲ್ಲ.

ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಇಬ್ಬರು ಹಿರಿಯರನ್ನೂ ಎತ್ತಿದ್ದಾಯಿತು. ಹೊಸ ಊರಿನಲ್ಲಿ ರಕ್ತದ ಲೆಕ್ಕದಂತೆ ಅವರವರ ಜಾಗಕ್ಕೆ ಅವರವರು ಸೇರಿದರು.

ಎಲ್ಲವನ್ನೂ ಕೇಳಿದ ಅಪ್ಪ ಗೋಡೆಯ ಕಡೆ ಮುಖ ಮಾಡಿದ. "ಜಾಲಿ ಬುಡದಾಗ ಇದ್ದಾಂವ ನನಗ ಗೊತ್ತಿಲ್ಲವಾ. ನಿಮ್ಮವ್ವ ಸತ್ತಾಗ ನಾ ಅತ್ತದ್ದು, ಜಗಳಾದಾಗ ಬೈದದ್ದು, ಎಲ್ಲಾ ನಾವು ಕಾಯಿ ಒಡದ ಆ ಗದ್ದಿಗಿ ಮುಂದ. ನನ್ನ ಅದರಾಗಿದ್ದಾಂವನ ಮಗ್ಗಲಾಗನ ಕೂಡಿಸು."

ಆ ಹಿರಿಯ ಈಗ ಇರುವುದು ಹೊಸಮನಿಯವರ ಜಾಗದಲ್ಲಿ. ನೀಲಗಂಗವ್ವ ತಾನು ತುಳಿಯದ ರಾಚಪ್ಪನ ಹೊಸ್ತಿಲಿಗೆ ಹೋಗಿ ನಿಂತು, ತಡವರಿಸುತ್ತ ವಿಷಯ ಹೇಳಿದಳು.

ರಾಚಪ್ಪ ಮೀಸೆ ತೀಡಿದ. "ಅಂದ್ರ ನಿಮ್ಮಪ್ಪ ಇಷ್ಟು ವರ್ಷ ನನ್ನ ಬೈದದ್ದೆಲ್ಲಾ ನಮ್ಮ ಮುತ್ಯಾನ ಮುಂದನ?"

"ಹೌದ್ರಿ ಕಾಕಾ."

"ಕೂಡಿಸವಾ. ಸತ್ತ ಮ್ಯಾಲ ನಾನೂ ಅಲ್ಲಿಗೇ ಬರಾಂವ. ಜಗಳದಾಗ ನನ್ನ ಕಡಿ ಮಾತು ಮುತ್ಯಾಗ ಆಗ ಹೇಳ್ತೀನಿ. ನಿಮ್ಮಪ್ಪನೂ ಕುಂತು ಕೇಳ್ಲಿ."