ಕೀಮೋದ ಹಿಂದಿನ ದಿನ

ಪರಶುರಾಮ್ ಮೊದಲ ಸಲ ದೇವಿಕಾಳನ್ನು ಕಂಡಾಗ ಆಕೆಯ ಎಡಗೈ ಭುಜದವರೆಗೂ ಒಂದು ಎಮ್ಮೆಯ ಒಳಗಿತ್ತು.

ಹೆಣ್ಣು ನೋಡಲು ಹೊರಟವರಿಗೆ ದೇವರು ಸಾಮಾನ್ಯವಾಗಿ ಇಂಥ ನೋಟ ದಯಪಾಲಿಸುವುದಿಲ್ಲ.

ಮನೆಯವರಿಗಿಂತ ಮುಂಚೆ ಎಮ್ಮಿಗನೂರು ತಲುಪಿದ್ದ ಆತ ಓಣಿಯಲ್ಲಿ ಬೈಕ್ ನಿಲ್ಲಿಸಿ, “ಮಾರೆಪ್ಪನವರ ಮನಿ ಯಾವ್ದ್ರಿ?” ಎಂದು ಕೇಳಿದ.

“ತೋರಸ್ತೀನಿ. ಮೊದ್ಲು ಇದರ ಬಾಲ ಹಿಡ್ಕೊಳ್ರಿ.”

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಉಕ್ಕಿನ ಕಾರ್ಖಾನೆ ಎಂಜಿನಿಯರು ಬಾಲ ಹಿಡಿದ.

“ಅಂಜಬ್ಯಾಡ್ರಿ. ಅಂಜಿದ್ರ ಅದಕ್ಕ ಗೊತ್ತಾಗ್ತೈತಿ.”

“ನನಗೇನೂ ಅಂಜಿಕಿ ಇಲ್ರಿ.”

“ಹಂಗಾರ ಕಣ್ಯಾಕ ಮುಚ್ಕೊಂಡೀರಿ?”

ಕೆಲಸ ಮುಗಿಸಿ, ಉದ್ದನೆಯ ಕೈಗವಸು ತೆಗೆದು, ಆಕೆ ಹೇಳಿದಳು: “ಮಾರೆಪ್ಪ ನಮ್ಮಪ್ಪ. ನಡೀರಿ.”

ಆಗ ಇಬ್ಬರ ಮುಖವೂ ಕೆಂಪಾಯಿತು. ಎಮ್ಮೆ ಮಾತ್ರ ನಿರಾಳವಾಗಿತ್ತು.

ದೇವಿಕಾ ಕಂಪ್ಲಿಯ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕಿ. ದ್ರವ ಸಾರಜನಕದ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಣದ ವೀರ್ಯವನ್ನು ಎಮ್ಮೆಗಳಿಗೆ ಕೊಡುವುದು ಆಕೆಯ ದಿನನಿತ್ಯದ ಕೆಲಸ. ಹಿಂದೆ ಬಂದ ಸಂಬಂಧಗಳು ಇದನ್ನು ಕೇಳಿ ಒಗ್ಗರಣೆ ಮಂಡಕ್ಕಿ ತಿಂದು ಮುಗಿಸುವ ಮೊದಲೇ ಎದ್ದುಹೋಗಿದ್ದವು. ಒಬ್ಬಾಕೆಯಂತೂ, “ಆ ಕೈಲೇ ರೊಟ್ಟಿ ಬಡಿತೀಯೇನವ್ವಾ?” ಎಂದು ಕೇಳಿಯೇ ಎದ್ದಿದ್ದಳು.

ಪರಶುರಾಮ್ ಕೇಳಿದ್ದು ಬೇರೆ.

“ಬ್ಯಾಸಗ್ಯಾಗ ಆ ಕ್ಯಾನ್ ಹೆಂಗ ತಡೀತೈತ್ರಿ? ನಮ್ಮ ಕುಲುಮಿ ಹತ್ರ ಆಗಿದ್ರ ಆವಿಯಾಗಿ ಹೋಗ್ತಿತ್ತು.”

ಹೆಣ್ಣುಮಕ್ಕಳು ಮೀಸೆಗೆ ಮರುಳಾಗುತ್ತಾರೆ, ಮಾತಿಗೆ ಮರುಳಾಗುತ್ತಾರೆ. ದೇವಿಕಾ ಈ ಪ್ರಶ್ನೆಗೆ ಮರುಳಾದಳು.

ಆಮೇಲೆ ದಿನಾ ಫೋನು. ಕುರೆಕುಪ್ಪದ ಕಾರ್ಖಾನೆಯಲ್ಲಿ ಆತನ ಪಾಳಿ ಮುಗಿಯುವವರೆಗೆ ಇಲ್ಲಿ ಆಕೆಗೆ ಊಟ ಸೇರದು. ಒಂದು ಭಾನುವಾರ ಹಂಪಿಯ ಹೊಳೆದಂಡೆಯಲ್ಲಿ ಕೂತು ಬರೀ ಎಮ್ಮೆ, ಉಕ್ಕು ಅಂತ ಮಾತಾಡಿ, ಹೇಳಬೇಕಾದ್ದನ್ನು ಇಬ್ಬರೂ ನುಂಗಿಕೊಂಡು ಬಂದಿದ್ದರು. ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಗಿತ್ತು.

ಒಂದು ದಿನ ಫೋನು ನಿಂತಿತು.

ಸಂಬಂಧ ತಂದಿದ್ದ ಅಂಜಿನಯ್ಯ ಬಂದು, ಚಹಾ ಕುಡಿದು, ಬಟ್ಟಲು ಕೆಳಗಿಟ್ಟ ಮೇಲೆ ಹೇಳಿದ: “ಹುಡುಗ ಬ್ಯಾಡ ಅಂದಾನ. ಹುಡುಗೀ ಕೆಲಸ ಮನ್ಯಾಗ ಒಗ್ಗಂಗಿಲ್ಲಂತ.”

ಇವನೂ ಹಂಗೇ... ಬಾಲ ಹಿಡಿದವನೂ!

ಆಕೆ ಅಳಲಿಲ್ಲ. ಕೂರಲೂ ಇಲ್ಲ. ಕ್ಯಾನಿನ ಮುಚ್ಚಳ ತೆಗೆದಳು, ಹಾಕಿದಳು. ಮತ್ತೆ ತೆಗೆದಳು. ಬರೆದ ಮೆಸೇಜನ್ನು ಅಳಿಸಿ, ಅಳಿಸಿದ್ದನ್ನೇ ಮತ್ತೆ ಬರೆದಳು.

“ಒಂದು ಕಡಿ ಕುಂದ್ರವಾ,” ಎಂದ ಮಾರೆಪ್ಪ. “ನಿನ್ನ ನೋಡಿ ಎಮ್ಮಿ ಹಾಲು ಇಳಸವಲ್ದು.”

ಕೆಲವು ವಾರಗಳ ನಂತರ, ಒಂದು ಬೆಳಿಗ್ಗೆ, ಪರಶುರಾಮನ ತಂಗಿ ಸುಮಂಗಲಾ ಫೋನು ಮಾಡಿದಳು.

“ವೈನೀ... ಹಂಗ ಕರೀಬಹುದೋ ಇಲ್ಲೋ, ಕರದುಬಿಟ್ಟೆ. ಹೇಳಬ್ಯಾಡ ಅಂತ ಅಣ್ಣ ಆಣಿ ಹಾಕ್ಸ್ಯಾನ.”

“ಏನದು?”

“ಅವಂಗ ಕ್ಯಾನ್ಸರ್. ವೃಷಣದಾಗ ಗಡ್ಡಿ ಇತ್ತು, ಆಪರೇಷನ್ ಆತು. ನಾಳೆಯಿಂದ ಬಳ್ಳಾರ್ಯಾಗ ಕೀಮೋ. ಗುಣ ಆಗ್ತೈತಿ ಅಂದಾರ ಡಾಕ್ಟರು. ಆದ್ರ ಔಷಧ ಶುರು ಆದ್ರ ಮುಂದ ಮಕ್ಕಳಾಗೋದು ಕಷ್ಟ ಆಗಬಹುದು, ಅದಕ್ಕ ಮೊದ್ಲು ವೀರ್ಯ ಫ್ರೀಜ್ ಮಾಡಿ ಇಡ್ರಿ ಅಂದ್ರು. ಹೊಸಪೇಟಿ ಆಸ್ಪತ್ರಿಗೆ ಕರ್ಕೊಂಡು ಬಂದೀನಿ. ಇವ ಒಳಗ ಹೋಗವಲ್ಲ, ವೈನಿ. ಇವತ್ತು ಬಿಟ್ರ ಆಗಂಗಿಲ್ಲ...”

ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸುಗಳು ಎಲ್ಲ ದಿನವೂ ನಿಧಾನವೇ. ಆ ದಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಬೇರೆ. ಬುಕ್ಕಸಾಗರ ದಾಟುವಷ್ಟರಲ್ಲಿ ದೇವಿಕಾ ಸೀಟು ಬಿಟ್ಟು ಎದ್ದು ಬಾಗಿಲ ಹತ್ತಿರ ನಿಂತಿದ್ದಳು, ನಿಂತರೆ ಬಸ್ಸು ಬೇಗ ಹೋಗುತ್ತದೆ ಎನ್ನುವವರ ಹಾಗೆ.

ಸಿಟ್ಟು ಬರುತ್ತಿತ್ತು. ಹೆದರಿಕೆಯಾಗುತ್ತಿತ್ತು. ಯಾವುದು ಮೊದಲು ಅಂತ ಗೊತ್ತಾಗದೆ ಎರಡೂ ಒಟ್ಟಿಗೇ ನುಗ್ಗುತ್ತಿದ್ದವು.

ಆತ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿದ್ದ. ಸೊರಗಿದ್ದ. ಆಕೆಯನ್ನು ಕಂಡು ತಂಗಿಯತ್ತ ದುರುಗುಟ್ಟಿ ನೋಡಿದ. ಸುಮಂಗಲಾಗೆ ತಟ್ಟನೆ ಚಹಾ ಕುಡಿಯಬೇಕು ಅನ್ನಿಸಿ ಎದ್ದುಹೋದಳು.

“ನನ್ನ ಕೆಲಸ ಒಗ್ಗಂಗಿಲ್ಲಾ?” ದೇವಿಕಾ ನಿಂತೇ ಕೇಳಿದಳು. “ನಿಮಗ ಬ್ಯಾರೆ ಸುಳ್ಳೇ ಸಿಗಲಿಲ್ಲಾ?”

“ಅದನ್ನ ಎಲ್ರೂ ಜಲ್ದಿ ನಂಬ್ತಾರ. ಯಾರೂ ಮುಂದ ಕೇಳಂಗಿಲ್ಲ.”

“ನಾನೂ ನಂಬಿದೆ.”

ಆತ ತಲೆ ತಗ್ಗಿಸಿದ. “ತಪ್ಪಾತು. ರೋಗ ಅಂದಿದ್ರ ನೀವು ಬರ್ತಿದ್ರಿ. ಬರಬಾರದು ಅಂತ...”

“ಒಳಗ ಯಾಕ ಹೋಗವಲ್ರಿ?”

“ಹೋಗಿದ್ದೆ. ನಿಮ್ಮ ಮಿಸೆಸ್ ಎಲ್ಲಿ ಅಂತ ಎಲ್ರ ಮುಂದ ಕೇಳಿದ್ರು. ಎದ್ದು ಬಂದೆ. ಅಲ್ಲಿ ಇರೋರೆಲ್ಲ ಮಕ್ಕಳು ಬೇಕು ಅಂತ ಬಂದೋರು. ನಾ ಒಬ್ಬವ, ಬದುಕಿದ್ರ ಸಾಕು ಅನ್ನೋನು.”

ದೇವಿಕಾ ಪಕ್ಕದಲ್ಲಿ ಕೂತಳು. ಸಮಾಧಾನ ಹೇಳುವುದು ಆಕೆಗೆ ಬಾರದು. ಬರುವುದನ್ನೇ ಹೇಳಿದಳು.

“ನಮ್ಮ ಕ್ಯಾನ್‌ನಾಗ ಒಂದು ಕೋಣದ್ದು ಐತಿ. ಅದು ಸತ್ತು ಭಾಳ ವರ್ಷ ಆತು. ಮೊನ್ನೆ ನಮ್ಮೂರಾಗ ಅದರ ಕರ ಹುಟ್ಟೇತಿ, ಗುಂಡಗ...”

“ಅಂದ್ರ ನಾನೂ ಸಾಯ್ತೀನಿ ಅಂತ ತೀರ್ಮಾನ ಮಾಡೀರೇನು?”

ಆಕೆ ನಾಲಿಗೆ ಕಚ್ಚಿಕೊಂಡಳು. “ಇಲ್ರಿ... ನಾ ಕರದ ಬಗ್ಗೆ ಹೇಳಾಕ ಹೋದೆ.”

ಪರಶುರಾಮ್ ನಕ್ಕುಬಿಟ್ಟ. ಹೊಲಿಗೆ ಹಾಕಿದ ಜಾಗ ನೋಯುತ್ತಿದ್ದರೂ ನಕ್ಕ. ನಗು ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು.

“ನನ್ನ ಸಲುವಾಗಿ ಬ್ಯಾಡ, ನಿಮ್ಮ ಸಲುವಾಗಿ ಒಳಗ ಹೋಗ್ರಿ,” ಎಂದಳು ದೇವಿಕಾ. “ಮದುವಿ ಮಾತು ಬ್ಯಾರೆ. ಗುಣ ಆದ ಮ್ಯಾಲೆ ನಿಮಗ ಮಗು ಬೇಕು ಅನಿಸಿದ್ರ? ಅವತ್ತಿನ ಪರಶುರಾಮಗ ಇವತ್ತಿನವ ಏನು ಉತ್ತರ ಕೊಡ್ತಾನ? ಬಳಸೋದು ಬಿಡೋದು ಆಮೇಲೆ. ಇಡೋದು ಮಾತ್ರ ಇವತ್ತೇ.”

ಆತ ಬೆಂಚಿನ ಮೇಲಿದ್ದ ಆಸ್ಪತ್ರೆಯ ಫೈಲು ಕೈಗೆತ್ತಿಕೊಂಡ. ಆಮೇಲೆ ಎದ್ದು ಒಳಗೆ ಹೋದ.

ದೇವಿಕಾ ಹಿಂದೆಯೇ ಹೋಗಿ ಕೌಂಟರಿನ ಮುಂದೆ ನಿಂತಳು. ಕೂತಳು. ಎದ್ದಳು.

“ನೀವು ಅವರಿಗೆ ಏನಾಗಬೇಕು ಮೇಡಂ?” ಕೌಂಟರಿನ ಹುಡುಗಿ ಕೇಳಿದಳು.

“ಅದನ್ನ ಕೇಳಾಕ ಬಂದೀನ್ರಿ.”

ಗೋಡೆಯ ಮೇಲಿನ ಕೊಬ್ಬಿದ ಕೂಸುಗಳ ಫೋಟೋಗಳು ಆಕೆಯನ್ನೇ ನೋಡುತ್ತಿದ್ದವು. ಒಂದು ಬಾಗಿಲು ತೆರೆದರೆ ಸಾಕು, ಅತ್ತ ತಿರುಗುತ್ತಿದ್ದಳು... ಸಾಕಷ್ಟು ಸಿಗದಿದ್ದರೆ? ತಾನೇ ಬಲವಂತ ಮಾಡಿ ಕಳಿಸಿ, ಕಡೆಗೆ ‘ಏನೂ ಇಲ್ಲ’ ಅಂದುಬಿಟ್ಟರೆ?

ಕೊನೆಗೆ ಪ್ರಯೋಗಾಲಯದ ಡಾಕ್ಟರು ಪರಶುರಾಮನ ಜೊತೆ ಬಂದರು. “ಸಂಖ್ಯೆ ಸ್ವಲ್ಪ ಕಡಿಮೆ ಇದೆ. ಆದರೆ ಇಡಲು ಸಾಕು. ಮುಂದೆ ಮಗು ಆಗಿಯೇ ಆಗುತ್ತದೆ ಅಂತ ಮಾತು ಕೊಡಲಾರೆ. ಅವಕಾಶ ಮಾತ್ರ ಉಳಿಯಿತು.”

ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆತ ಹೇಳಿದ, “ಕೂದಲ ಉದುರ್ತಾವಂತ. ಭಾಳ ವಾಂತಿ ಆಗ್ತೈತಂತ. ರೋಗ ಹೊರಳಿ ಬಂದ್ರೂ ಬರಬಹುದಂತ. ಎಲ್ಲಾ ಹೇಳೀನಿ. ಇನ್ನ ಮುಚ್ಚಿಟ್ಟಿದ್ದು ಒಂದೇ ಐತಿ.”

“ಏನು?”

“ಹೊಳಿದಂಡ್ಯಾಗ ಹೇಳಬೇಕಂತ ಬಂದಿದ್ದೆ. ಎಮ್ಮಿ ಸುದ್ದಿಯಾಗ ಕಳದುಹೋತು.”

“ಈಗ ಹೇಳ್ರಿ.”

“ನೀವಿಲ್ದ ನನಗ ಆಗಂಗಿಲ್ಲ, ದೇವಿಕಾ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಅಂತ ಆತ ತಿಳಿದುಕೊಂಡ ಹಾಗೆ ನಟಿಸಿದ.

“ನಿಮಗ ಹೆದರಿಕಿ ಆಗವಲ್ತಾ?” ಆತ ಮೆಲ್ಲಗೆ ಕೇಳಿದ.

“ಆಗೈತಿ. ಇಷ್ಟು ದಿನ ನೀವಲ್ಲಿ ಒಬ್ರೇ ಹೆದರಿದ್ರಿ, ನಾ ಇಲ್ಲಿ ಒಬ್ಬಾಕಿನೇ ಸಿಟ್ಟು ಮಾಡಿದೆ. ಇನ್ನ ಎರಡೂ ಕೂಡೇ ಮಾಡೋಣು.” ಆಕೆ ಆತನ ಕೈ ಹಿಡಿದಳು. “ನಾಳೆ ಬಳ್ಳಾರಿಗೆ ಎಷ್ಟೊತ್ತಿಗೆ?”

“ಏಳಕ್ಕ ಬಸ್ಸು.”

“ನನಗೂ ಒಂದು ಸೀಟು ಹಿಡೀರಿ.”

“ಕಿಟಕಿ ಕಡೆ ಹಿಡೀಲಾ?”

“ನಿಮ್ಮ ಕಡೆ ಹಿಡೀರಿ. ಸಾಕು.”