ಶಿಗ್ಗಾವಿಯ ಶಾಲು

ಕುತ್ತಿಗೆಗೆ ಒತ್ತಿದ್ದು ಸೈಕಲ್ಲಿನ ಸ್ಪೋಕು. ತುದಿ ಮಸೆದದ್ದು!

ಕಾರು ಹಾನಗಲ್ಲು ದಾಟಿ ಶಿಗ್ಗಾವಿಯ ಕಡೆ ಓಡುತ್ತಿತ್ತು. ರಸ್ತೆಯ ಒಂದೊಂದು ತಗ್ಗಿಗೂ ಆ ತುದಿ ನನ್ನ ಚರ್ಮವನ್ನು ಮಾತಾಡಿಸುತ್ತಿತ್ತು.

“ಅಲಗಾಡಬ್ಯಾಡ್ರಿ ಅಕ್ಕಾರ,” ಹಿಂದಿನ ಸೀಟಿನಿಂದ ಕೊಟ್ರೇಶ ಹೇಳಿದ. “ನಂಗ ರಕ್ತ ಕಂಡ್ರ ತಲಿ ತಿರಗತೈತಿ.”

ಎಂಥ ರೌಡಿಯನ್ನು ಸಾಕಿದ್ದಾನೆ ನೋಡಿ!

ಸಾಕಿದವನು ಸ್ಟಿಯರಿಂಗ್ ಹಿಡಿದಿದ್ದ. ಧೀರೇಂದ್ರ. ಬೀಜದ ವ್ಯಾಪಾರಿ. ‘ಧೀರ ಸೀಡ್ಸ್ ಪ್ರೋ ಸೈಕ್ಲಿಂಗ್ ಟೀಮ್’ನ ಮಾಲೀಕ.

“ಮೈಕ್ ತಗೋ, ಸಂಪದಾ. ಅಸದಗ ನಿಲ್ಲಂತ ಹೇಳು. ನನ್ನ ದನಿ ಕೇಳಿದ್ರ ಆ ಮಗ ಇಯರ್‌ಫೋನ್ ಕಿತ್ತು ಒಗೀತಾನ.”

ಮೈಕ್ ಹಿಡಿದೆ. ಬಟನ್ ಒತ್ತಲಿಲ್ಲ.

ನನ್ನ ಕೆಲಸ ಏನಂತೀರಾ? ಸವಾರರಿಗೆ ಟೀಮು ಹುಡುಕಿಕೊಡುವುದು. ಟೀಮು ಕಚ್ಚಿದರೆ ಅವರನ್ನು ಬಿಡಿಸಿಕೊಳ್ಳುವುದು. ಇದಕ್ಕೆ ಧೈರ್ಯ ಬೇಕು ಅನ್ನುತ್ತಾರೆ. ಸುಳ್ಳು. ಹೆದರಿಕೆ ಬೇಕು. ಹೆದರುವವಳ ಕಣ್ಣು ಸುಮ್ಮನಿರುವುದಿಲ್ಲ.

ಇನ್ನು ಧೀರೇಂದ್ರನ ಟೀಮು... ಅದರ ಸವಾರರ ಪಟ್ಟಿ ಓದಿದರೆ ಲಗ್ನಪತ್ರಿಕೆ ಓದಿದ ಹಾಗೆ! ಅಕ್ಕನ ಮಗ ಆಕಾಶ, ಕ್ಯಾಪ್ಟನ್. ಹೆಂಡತಿಯ ತಮ್ಮ, ಬೆಟ್ಟ ಹತ್ತುವ ಪರಿಣತ. ಅವನು ಹತ್ತಿದ್ದು ಮನೆಯ ಮಾಳಿಗೆ ಮಾತ್ರ. ಬೀಗರ ಕಡೆಯವನೊಬ್ಬ ಸ್ಪ್ರಿಂಟರ್. ಊಟದ ಪಂಕ್ತಿಗೆ.

ಸೈಕಲ್ ತುಳಿಯಲು ಬರುತ್ತಿದ್ದವನು ಒಬ್ಬನೇ. ನಾನು ಸೇರಿಸಿದ ಸವಣೂರಿನ ಅಸದ. ಇಷ್ಟು ವರ್ಷ ಈ ಬೀಗರಿಗೆಲ್ಲ ನೀರಿನ ಬಾಟಲಿ ಹೊತ್ತವನು.

ಇವತ್ತಿನ ರೇಸು ಹಿರೇಕೆರೂರಿನಿಂದ ಸವಣೂರಿಗೆ. ಪುಣೆಯ ದೊಡ್ಡ ಟೀಮೊಂದರಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ನಮ್ಮ ಟೀಮಿನಿಂದ ಯಾರು ಮೊದಲು ಗೆರೆ ದಾಟುತ್ತಾರೋ ಅವನಿಗೆ ಆ ಜಾಗ. ಅಸದನಿಗೆ ವಯಸ್ಸು ಮೀರುತ್ತಿತ್ತು. ಇನ್ನೊಂದು ಅವಕಾಶವಿರಲಿಲ್ಲ.

ಅವನು ಎಲ್ಲರಿಗಿಂತ ಮುಂದೆ, ಒಬ್ಬನೇ ಹೋಗುತ್ತಿದ್ದ.

ಎರಡನೆಯವನು ಆಕಾಶ. ಹೇಗೆ ಅಂತೀರಾ? ನನ್ನ ಕಿಟಕಿಯಿಂದ ನೀರಿನ ಬಾಟಲಿ ಇಸಿದುಕೊಳ್ಳುವ ನೆಪದಲ್ಲಿ ಕಾರು ಹಿಡಿದವನು, ಬಿಟ್ಟೇ ಇರಲಿಲ್ಲ! ರೆಫರಿಯ ಬೈಕು ಹಿಂದಿನ ಗುಂಪಿನ ಜೊತೆ ಉಳಿದಿತ್ತು.

“ಮಾಮಾ, ಸಾವಕಾಶ ಹೊಡಿ... ಕೈ ನೋಯಾಕತ್ತೇತಿ!” ಆಕಾಶ ಗೋಗರೆದ.

“ಕಾಲು ಹ್ಯಾಂಗದಾವ?” ಕೇಳಿದೆ.

“ಕಾಲಿಗೇನಾಗೇದರಿ? ಆರಾಮ್ ಅದಾವ.”

ಶಿಗ್ಗಾವಿ ಬಂತು. ರಸ್ತೆ ಬದಿಗೆ ಶಾಮಿಯಾನ. ಮೈಕು ಕೂಗುತ್ತಿತ್ತು. ಮೊದಲು ಬಂದ ಸವಾರನಿಗೆ ಸತ್ಕಾರವಂತೆ! ಅಸದ ಕೈ ಮಾತ್ರ ಎತ್ತಿ, ನಿಲ್ಲದೆ ಹಾರಿಹೋದ. ಹಿರಿಯರು ಶಾಲು ಬಿಚ್ಚಿ ಹಿಡಿದು ಹಾಗೇ ನಿಂತಿದ್ದರು.

ಧೀರೇಂದ್ರನ ಪಾದ ಆಕ್ಸಿಲರೇಟರಿನಿಂದ ತುಸು ಎದ್ದಿತು. ನಾನು ಅದನ್ನು ನೋಡಿದೆ.

“ಅಯ್ಯ, ಶಾಲು ಹಂಗ ಉಳೀತಲ್ರಿ,” ಮೆಲ್ಲಗೆ ಅಂದೆ. “ಟಿವಿಯವರೂ ಬಂದಾರ. ಪಾಪ.”

“ಟಿವಿ?”

“ಎರಡು ಕ್ಯಾಮೆರಾ ಕಾಣ್ತಾವರಿ.”

ಬ್ರೇಕು ಕಿರುಚಿತು!

“ಒಂದ ನಿಮಿಷದ ಕೆಲಸ,” ಧೀರೇಂದ್ರ ಬಾಚಣಿಗೆ ತೆಗೆದ. “ನೀ ಅಸದಗ ನಿಲ್ಲಂತ ಹೇಳು. ಈಗ!”

ಸ್ಪೋಕು ಇನ್ನಷ್ಟು ಒತ್ತಿತು. ಬಟನ್ ಒತ್ತಿದೆ.

“ಅಸದ... ನಿಲ್ಲಪಾ.”

ದೂರದಲ್ಲಿ, ರಸ್ತೆಯ ತುದಿಯಲ್ಲಿ ಅವನು ಕಾಲು ಊರಿದ. ಯಾಕೆ ಅಂತ ಕೇಳಲಿಲ್ಲ. ನನ್ನನ್ನು ಅಷ್ಟು ನಂಬಿದ್ದ.

ಧೀರೇಂದ್ರ ಇಳಿದ. ಎಂಜಿನ್ ಆರಿಸಲಿಲ್ಲ. ಆಕಾಶನಿಗೆ ಪೇಟ ಸುತ್ತಿದರು. ಮಾಲೆ ಹಾಕಿದರು. ಶಾಲು ಹೊದಿಸಿದರು. ಅಷ್ಟಕ್ಕೆ ಮುಗಿಯಿತೇ? ಸ್ವಾಗತ ಭಾಷಣ ಬಾಕಿಯಿತ್ತು!

ಹಿಂದೆ ಕೊಟ್ರೇಶ ಒದ್ದಾಡುತ್ತಿದ್ದ.

“ಎಲ್ಲಾರೂ ಫೋಟೋದಾಗ ನಿಂತಾರಲ್ರಿ ಅಕ್ಕಾರ...”

“ನಿಮ್ಮನ್ನ ಕರೀಲಿಲ್ಲೇನು?”

“ನಮ್ಮನ್ನ ಯಾರ್ ಕರೀತಾರ?”

“ಕರಿಯೂದ್ಯಾಕ? ಹೋಗಿ ನಿಂತ್ರ ಆತು. ಸಾಹೇಬ್ರ ಬಲಕ್ಕ ಜಾಗ ಅದ ನೋಡ್ರಿ.”

ಅವನು ಸ್ಪೋಕನ್ನು ಜೇಬಿಗಿಟ್ಟು ಓಡಿದ. ಹೋಗುವಾಗ ಅಂಗಿಯ ಗುಂಡಿ ಹಾಕಿಕೊಂಡ.

ನಾನು ಜಾರಿ ಸ್ಟಿಯರಿಂಗ್ ಹಿಂದೆ ಕುಳಿತೆ.

“ಅಸದ! ತುಳಿ!”

ಗೇರು ಹಾಕಿದೆ. ಕನ್ನಡಿಯಲ್ಲಿ ನೋಡಿದೆ. ಮುಖ್ಯ ಗುಂಪು ಬಣ್ಣದ ನೆರೆಯಂತೆ ಬಂದು ಶಾಮಿಯಾನವನ್ನು ದಾಟಿತು. ಆಕಾಶ ಪೇಟದ ಮೇಲೆ ಹೆಲ್ಮೆಟ್ ಹಾಕಲು ನೋಡುತ್ತಿದ್ದ!

ಫೋನು ಬಡಿದುಕೊಂಡಿತು.

“ಏ ಸಂಪದಾ! ಕಾರ್ ನಂದು!”

“ಸವಾರನ ಬೆನ್ನಿಗೆ ಟೀಮ್ ಕಾರ್ ಇರಬೇಕು ಅಂತ ನಿಯಮ ಅದರಿ.”

ಸವಣೂರು ಇನ್ನೇನು ಕಾಣಬೇಕು, ಕನ್ನಡಿಯಲ್ಲಿ ಯಾರದೋ ಸ್ಕೂಟರು ಬೆಳೆಯತೊಡಗಿತು. ಧೀರೇಂದ್ರ ಓಡಿಸುತ್ತಿದ್ದ. ಹಿಂದೆ ಕೊಟ್ರೇಶ, ಕೈಯಲ್ಲಿ ಶಾಮಿಯಾನದ ಗಳ. ಗುರಿ ಅಸದನ ಗಾಲಿ!

ಸ್ಕೂಟರು ನನ್ನ ಎಡಕ್ಕೆ ಬಂತು. ಗಳ ಮುಂದಕ್ಕೆ ಚಾಚಿತು. ಅಸದನ ಹಿಂದಿನ ಗಾಲಿಗೆ ಇನ್ನು ಮೊಳದಷ್ಟು...

ಸ್ಟಿಯರಿಂಗನ್ನು ಎಡಕ್ಕೆ ಎಳೆದೆ.

ಬೀಜದ ವ್ಯಾಪಾರಿ ಮೆಕ್ಕೆಜೋಳದ ಹೊಲದಲ್ಲಿ ಮಾಯವಾದ.

ಅಸದ ಗೆರೆ ದಾಟಿದಾಗ ಅವನ ಅವ್ವ ನಸೀರಾ ದುಪಟ್ಟಾದಿಂದ ಅವನ ಮುಖ ಒರೆಸಿದಳು. ಪುಣೆಯ ಟೀಮಿನ ವಿಠ್ಠಲರಾವ್ ಕೈ ಕುಲುಕಿದರು. “ಜಾಗ ನಿಂದು. ಹೊರಡೋಣ?”

“ಈಗಲೇ ಹೊರಡ್ರಿ,” ನಾನೆಂದೆ.

ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು. ಧೀರೇಂದ್ರ! ತಲೆಯ ತುಂಬ ಜೋಳದ ಗರಿ.

“ನಿನ್ನ ಕೈ ಮುರೀತೇನಿ! ಅವನ್ನ ಈ ಊರು ದಾಟಲಿಕ್ಕೆ ಬಿಡೂದಿಲ್ಲ!”

ಕೈ ನೋಯುತ್ತಿತ್ತು. ಪಕ್ಕದಲ್ಲೇ ಸಮಾರಂಭದ ನಿರೂಪಕ ಮೈಕ್ ಹಿಡಿದು ನಿಂತಿದ್ದ. ಇನ್ನೊಂದು ಕೈಯಿಂದ ಅವನ ತೋಳು ತಟ್ಟಿದೆ.

“ಇವರು ಗೆದ್ದ ಟೀಮಿನ ಮಾಲೀಕರು. ಎರಡು ಮಾತಾಡಸ್ರಿ.”

ಮೈಕಿನಲ್ಲಿ ಧೀರೇಂದ್ರನ ಹೆಸರು ಮೊಳಗಿತು. ನನ್ನ ಮಣಿಕಟ್ಟು ಸಡಿಲವಾಯಿತು. ಅವನು ಕಾಲರು ಸರಿಮಾಡಿಕೊಂಡು ವೇದಿಕೆ ಹತ್ತಿದ.

“ಸವಣೂರಿನ ಬಂಧುಗಳೇ! ಅಸದ ನಮ್ಮ ಮನಿ ಹುಡುಗ...”

ಅಸದನನ್ನು ಪುಣೆಯವರ ವ್ಯಾನಿಗೆ ತಳ್ಳಿ, ನಾನೂ ಹತ್ತಿ ಬಾಗಿಲು ಎಳೆದುಕೊಂಡೆ.

ಅವನು ‘ಕೊನೆಯದಾಗಿ’ ಅನ್ನುವಷ್ಟರಲ್ಲಿ ನಾವು ಹುಬ್ಬಳ್ಳಿ ದಾಟಿದ್ದೆವು.