ಕೀರ್ತಿಗೆ ಕಾಣದ ಗ್ಯಾಲಕ್ಸಿ

"ಏನೂ ಕಾಣ್ತಿಲ್ಲ ಅಂಕಲ್," ಎಂದಳು ಕೀರ್ತಿ. ಟೆಲಿಸ್ಕೋಪಿಗೆ ಒತ್ತಿದ ಕಣ್ಣನ್ನು ಅವಳಿನ್ನೂ ತೆಗೆದಿರಲಿಲ್ಲ.

ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಕೊಡಿಗೇಹಳ್ಳಿಯ ಶಿವರಾಮ್ ಅಂಕಲ್ ಮನೆಯ ಟೆರೇಸಿನಲ್ಲಿ ಆ ಸಂಜೆ ಅರ್ಧ ಬೀದಿಯೇ ನೆರೆದಿತ್ತು. ಅಂಕಲ್ ಮತ್ತು ಅವರ ಟೆಲಿಸ್ಕೋಪ್ ಗೆಳೆಯರು ಆಂಡ್ರೊಮಿಡಾ ಗ್ಯಾಲಕ್ಸಿ ತೋರಿಸುತ್ತೇವೆಂದು ಎಲ್ಲರನ್ನೂ ಕರೆದಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು, ಮೊಬೈಲ್ ತೆಗೆಯಬೇಡಿ ಎಂದಿದ್ದರು. ಕೀರ್ತಿ ಮೊಬೈಲಿರಲಿ, ಎದುರುಮನೆಯ ಬಲ್ಬಿನ ಕಡೆಗೂ ತಿರುಗಿರಲಿಲ್ಲ. ಅಷ್ಟೆಲ್ಲ ಕಾದರೆ ಒಳಗೆ ಬರೀ ಕಪ್ಪು, ಅಲ್ಲೊಂದು ಇಲ್ಲೊಂದು ಚುಕ್ಕೆ!

ಮುಂಚೆ ನೋಡಿದವರೆಲ್ಲ ಸೂಪರ್ ಎಂದು ಹೋಗಿದ್ದರು. ಸಾಲಿನಲ್ಲಿ ಅವಳ ಮುಂದಿದ್ದವನು ಗೋಕುಲ್, ಅವಳದೇ ಕ್ಲಾಸಿನವನು. ಸೂಪರ್, ನೇರಳೆ ಬಣ್ಣ, ಚಕ್ಲಿ ತರ ಸುತ್ಕೊಂಡಿದೆ ಎಂದಿದ್ದ.

"ನಮ್ ಗೋಕುಲ್‌ಗೆ ಕಾಣ್ತಲ್ಲಮ್ಮ, ನಿಂಗ್ಯಾಕೆ ಕಾಣಲ್ಲ?" ಎಂದರು ಅವನ ಅಮ್ಮ ಆಶಾರಾಣಿ ಆಂಟಿ. "ನೋಡೋಕೂ ತಾಳ್ಮೆ ಬೇಕು. ಜಾಗ ಬಿಡು."

ಕೀರ್ತಿಯ ಅಮ್ಮ ಅವಳ ಭುಜ ಹಿಡಿದು, ಕಾಣ್ತು ಅಂತ ಹೇಳಿ ಬಂದ್ಬಿಡೇ, ಎಲ್ಲರೂ ಕಾಯ್ತಿದ್ದಾರೆ ಎಂದು ಪಿಸುಗುಟ್ಟಿದಳು.

ಕೀರ್ತಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಲೋಟ ಒಡೆದರೆ ನಿಜ ಹೇಳು ಎಂದು ಕಣ್ಣು ಕೆಂಪಗೆ ಮಾಡುವ ಅಮ್ಮ, ಇಲ್ಲಿ ಸುಳ್ಳು ಹೇಳು ಅನ್ನುತ್ತಾಳೆ. ಇದ್ಯಾವ ನ್ಯಾಯ?

"ಕಾಣದೇ ಇರೋದನ್ನ ಕಾಣ್ತು ಅಂತ ನಾನ್ಯಾಕೆ ಹೇಳ್ಲಿ?" ಎಂದಳು. ಕಾಲು ಕೀಳಲಿಲ್ಲ.

ಮೂಲೆಯಲ್ಲಿ ಗೆಳೆಯರ ಜೊತೆ ಹರಟುತ್ತಿದ್ದ ಶಿವರಾಮ್ ಅಂಕಲ್ ಬಂದರು. ಬಗ್ಗಿ ನೋಡಿದರು. ತಲೆ ಕೆರೆದುಕೊಂಡು ಮತ್ತೆ ನೋಡಿದರು.

"ಇವಳು ಹೇಳಿದ್ದೇ ಸರಿ ಕಣ್ರೀ. ಇದ್ರಲ್ಲಿ ಗ್ಯಾಲಕ್ಸಿನೇ ಇಲ್ಲ."

ಭೂಮಿ ತಿರುಗುತ್ತಲೇ ಇರುತ್ತದಲ್ಲ, ಆಕಾಶದಲ್ಲಿರುವುದೆಲ್ಲ ಟೆಲಿಸ್ಕೋಪಿನಿಂದ ಮೆಲ್ಲಗೆ ಆಚೆಗೆ ಜಾರುತ್ತದೆ. ಮೋಟಾರಿಲ್ಲದ ಟೆಲಿಸ್ಕೋಪನ್ನು ಆಗಾಗ ಕೈಯಿಂದ ತಳ್ಳಿ ಸರಿಮಾಡುತ್ತಿರಬೇಕು. ಮಾತಿನ ಭರದಲ್ಲಿ ಅಂಕಲ್ ಅದನ್ನೇ ಮರೆತಿದ್ದರು. ಗ್ಯಾಲಕ್ಸಿ ಜಾರಿ ಎಷ್ಟು ಹೊತ್ತಾಗಿತ್ತೋ! ಸೂಪರ್ ಎಂದವರೆಲ್ಲ ಈಗ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಅಂಕಲ್ ತಪ್ಪಾಯ್ತು ಎಂದು ಟೆಲಿಸ್ಕೋಪನ್ನು ಸರಿಮಾಡಿದರು. ಮಂಕಾದದ್ದನ್ನು ನೇರವಾಗಿ ನೋಡಬಾರದು, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ ಎಂದು ಕೀರ್ತಿಗೆ ಹೇಳಿಕೊಟ್ಟರು. ಅವಳು ನೋಡಿದಳು. ಕನ್ನಡಿಗೆ ಉಸಿರು ತಾಗಿದಾಗ ಕೂರುವ ಮಬ್ಬಿನಷ್ಟೇ ಇತ್ತು. ನೇರಳೆಯೂ ಇಲ್ಲ, ಚಕ್ಲಿಯೂ ಇಲ್ಲ. ಆದರೆ ಇತ್ತು, ನಿಜವಾಗಿ ಇತ್ತು. ಅವಳಿಗೆ ಬಹಳ ಖುಷಿಯಾಯಿತು.

ಖುಷಿಯ ಜೊತೆಗೆ ಸಿಟ್ಟೂ ಇತ್ತು. ನಿನ್ನ ಚಕ್ಲಿ ಎಲ್ಲೋ ಎಂದು ಎಲ್ಲರೆದುರು ಕೇಳಲು ತಿರುಗಿದಳು. ಅಷ್ಟರಲ್ಲಿ ಗೋಕುಲ್ ಬಂದು ಟೆಲಿಸ್ಕೋಪಿಗೆ ಕಣ್ಣಿಟ್ಟಿದ್ದ. ಅವನ ಕೈ ಅಂಗಿಯ ತುದಿಯನ್ನು ಹಿಂಡುತ್ತಿತ್ತು.

"ಕಾಣ್ತಾ ಮಗ?" ಎಂದರು ಆಶಾರಾಣಿ ಆಂಟಿ.

ಗೋಕುಲ್ ಕಣ್ಣುಜ್ಜಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದ.

"ಇಲ್ಲಮ್ಮ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಆಗ್ಲೂ ಕಾಣ್ಲಿಲ್ಲ."

ಈ ಸಲ ಯಾರೂ ನಗಲಿಲ್ಲ. ಅದನ್ನು ಹೇಳುವುದು ಎಷ್ಟು ಕಷ್ಟವೆಂದು ಕೀರ್ತಿಗೆ ಗೊತ್ತಿತ್ತು. ಚಕ್ಲಿಯ ಮಾತನ್ನು ನುಂಗಿಕೊಂಡು ಅವನ ಪಕ್ಕ ಹೋಗಿ ನಿಂತಳು.

"ನೇರ ನೋಡ್ಬೇಡ ಕಣೋ, ಸ್ವಲ್ಪ ಪಕ್ಕಕ್ಕೆ ನೋಡು," ಎಂದಳು. ಆಮೇಲೆ ಸಾಲಿನ ಕಡೆ ತಿರುಗಿದಳು. "ಆಂಟಿ, ಅವನಿಗೆ ಸ್ವಲ್ಪ ಟೈಮ್ ಕೊಡಿ."